ಮೇಳ ಮೊದಲು: ಗಡಿ ದಾಟುವ ಸಂಗೀತ ನಾಟಕ ಮತ್ತು ಬದಲಾಗುವ ಪಾತ್ರಧಾರಿಗಳು



ಒಂದು ಸಂಗೀತ ನಾಟಕ ತನ್ನ ಊರಿನಲ್ಲಿ ಗೆಲ್ಲುತ್ತದೆ. ಹಾಡುಗಳು ಜನರ ಬಾಯಿಗೆ ಹತ್ತುತ್ತವೆ, ಟಿಕೀಟು ಸಿಗದೆ ಜನ ಮರಳಿ ಹೋಗುತ್ತಾರೆ. ಸುದ್ದಿ ಹಬ್ಬಿ ಬೇರೆ ಭಾಷೆಯ ಸೀಮೆಯಿಂದಲೋ ಕಡಲಾಚೆಯ ದೇಶದಿಂದಲೋ ಕರೆ ಬರುತ್ತದೆ. ಆಗ ಎದುರಾಗುವ ಮೊದಲ ಪ್ರಶ್ನೆ ಪರದೆಯದ್ದಲ್ಲ, ದೀಪದ್ದಲ್ಲ. ಯಾರು ಹೋಗಬೇಕು, ಯಾರನ್ನು ಬಿಡಬೇಕು, ಅಲ್ಲಿ ಯಾರನ್ನು ಕೂಡಿಸಿಕೊಳ್ಳಬೇಕು ಎಂಬುದು. ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಕೊಟ್ಟ ಉತ್ತರಗಳನ್ನು ನಿಮ್ಮ ಮುಂದೆ ಇಡುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಯಕನ ಪಾತ್ರಧಾರಿ ಬದಲಾದರೂ ಸಂಗೀತ ನಾಟಕ ಬದುಕುತ್ತದೆ. ಮೇಳ ಒಡೆದರೆ ಬದುಕುವುದಿಲ್ಲ. ಮೇಳ ಎಂದರೆ ಇಲ್ಲಿ ಪೇಟಿ, ತಬಲಾ ಹಿಡಿದವರು, ಜೊತೆಗೂಡಿ ಹಾಡುವವರು, ಗುಂಪಿನಲ್ಲಿ ನಿಂತು ಕುಣಿಯುವವರು. ಪ್ರವಾಸದ ಖರ್ಚು ಲೆಕ್ಕ ಹಾಕಲು ಕುಳಿತಾಗ ಮೊದಲು ಕತ್ತರಿ ಬೀಳುವುದು ಇವರ ಮೇಲೆಯೇ.

ಬೀದರಿನಲ್ಲಿ ನಿಂತು ಈ ಮಾತು ಆಡಲು ಕಾರಣವಿದೆ. ಗಡಿ ದಾಟಲು ನಮಗೆ ವಿಮಾನ ಬೇಕಾಗಿಲ್ಲ. ಔರಾದದಿಂದ ಒಂದು ದಿಕ್ಕಿಗೆ ಹೊರಟರೆ ಮಹಾರಾಷ್ಟ್ರ, ಇನ್ನೊಂದು ದಿಕ್ಕಿಗೆ ಹೊರಟರೆ ತೆಲಂಗಾಣ. ವಿಕಾರಾಬಾದಿನಿಂದ ಪರಳಿಯ ಕಡೆ ಹೋಗುವ ರೈಲು ಬೀದರ, ಭಾಲ್ಕಿ, ಕಮಲನಗರ, ಉದಗೀರ ಎಂದು ನಿಲ್ಲುತ್ತ ಹೋಗುವಾಗ ಡಬ್ಬಿಯೊಳಗಿನ ಮಾತು ಎಲ್ಲಿ ಕನ್ನಡದಿಂದ ಮರಾಠಿಗೆ ಹೊರಳಿತು ಎಂದು ಹೇಳುವುದು ಕಷ್ಟ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ, ಅಹಮದಪುರ ನಮ್ಮ ಜಿಲ್ಲೆಯಲ್ಲೇ ಇದ್ದವು. ನಾರಾಯಣಖೇಡ, ಜಹೀರಾಬಾದುಗಳೂ ಇದ್ದವು. ಒಂದೇ ಜಾತ್ರೆಯಲ್ಲಿ ಕೂತು ಒಂದೇ ಆಟ ನೋಡುತ್ತಿದ್ದ ಜನ ಬೆಳಗಾಗುವುದರೊಳಗೆ ಮೂರು ರಾಜ್ಯಗಳವರಾದರು. ಹೀಗಾಗಿ ನಾಟಕ ಊರು ಬಿಟ್ಟು ಊರಿಗೆ, ಭಾಷೆ ಬಿಟ್ಟು ಭಾಷೆಗೆ ಹೋಗುವಾಗ ಏನಾಗುತ್ತದೆ ಎಂಬುದು ನಮಗೆ ದೂರದ ವಿಷಯವಲ್ಲ.

ಕನ್ನಡದ ಅತ್ಯಂತ ದೊಡ್ಡ ರಂಗಪ್ರವಾಸದಿಂದಲೇ ಆರಂಭಿಸುತ್ತೇನೆ. 1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯಿಂದ ಭಾಗವತರ ಯಕ್ಷಗಾನ ಮೇಳವೊಂದು ಸಾಂಗಲಿಗೆ ಹೋಯಿತು. ಸಂಸ್ಥಾನದ ದೊರೆ ಚಿಂತಾಮಣರಾವ್ ಪಟವರ್ಧನರು ಆಟ ನೋಡಿ ಮೆಚ್ಚಿ, ಇಂಥದೊಂದನ್ನು ಮರಾಠಿಯಲ್ಲಿ ಕಟ್ಟಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಲೆಕ್ಕ ಹಾಕುತ್ತದೆ. ಈ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕು ಕೂಡ. ಆದರೆ ಅಭಿಮಾನದ ಭರದಲ್ಲಿ ಒಂದು ಸಂಗತಿಯನ್ನು ದಾಟಿ ಹೋಗುತ್ತೇವೆ. ಭಾವೆಯವರು ಕರ್ಕಿಯ ಒಬ್ಬ ವೇಷಧಾರಿಯ ಮೇಲೂ ಅವಲಂಬಿಸಲಿಲ್ಲ. ರಾಮ, ರಾವಣ, ಸೀತೆ ಎಲ್ಲರೂ ಹೊಸಬರು, ಮಾತು ಮರಾಠಿ. ಅವರು ಉಳಿಸಿಕೊಂಡದ್ದು ಕಟ್ಟನ್ನು. ಮೊದಲು ಗಣಪತಿ, ಆಮೇಲೆ ಸರಸ್ವತಿ, ನಗಿಸಲು ವಿದೂಷಕ. ಎಲ್ಲದಕ್ಕೂ ಮಿಗಿಲಾಗಿ ರಂಗದ ಮೇಲೆ ನಿಂತು ಇಡೀ ಕಥೆಯನ್ನು ಹಾಡಿ ನಡೆಸುವ ಸೂತ್ರಧಾರ. ನಮ್ಮ ಭಾಗವತನೇ ಅಲ್ಲಿ ಸೂತ್ರಧಾರನಾದ. ವೇಷಗಳೆಲ್ಲ ಬದಲಾದವು, ಹಾಡಿ ಆಡಿಸುವವನ ಜಾಗ ಬದಲಾಗಲಿಲ್ಲ. ಆದ್ದರಿಂದಲೇ ಅದು ಅಲ್ಲಿ ಬೇರೂರಿತು.

ಯಕ್ಷಗಾನ ಇಂದಿಗೂ ಈ ಪಾಠವನ್ನು ಮರೆತಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವೂ ಸೇರಿ ಹಲವು ಮೇಳಗಳು ವಿದೇಶಗಳಿಗೆ ಹೋಗಿ ಬಂದಿವೆ. ಇಡೀ ರಾತ್ರಿಯ ಪ್ರಸಂಗ ಎರಡು ತಾಸಿಗೆ ಇಳಿಯುತ್ತದೆ. ಬಾಲಗೋಪಾಲರಿಗೆ, ಒಡ್ಡೋಲಗದ ವೈಭವಕ್ಕೆ ಸಮಯ ಸಿಗುವುದಿಲ್ಲ. ಒಬ್ಬನೇ ವೇಷಧಾರಿ ಎರಡು ಮೂರು ವೇಷ ಕಟ್ಟುತ್ತಾನೆ. ಆದರೆ ಭಾಗವತ, ಮದ್ದಳೆ, ಚಂಡೆ ಇಲ್ಲದೆ ಮೇಳ ಹೊರಡುವುದಿಲ್ಲ. ತಂಡ ಸಣ್ಣದಾದಾಗ ಕಡಿಮೆಯಾಗುವುದು ವೇಷಧಾರಿಗಳ ಮುಮ್ಮೇಳ, ಹಾಡಿ ನುಡಿಸುವ ಹಿಮ್ಮೇಳವಲ್ಲ. ಕರಾವಳಿಯ ಕಲಾವಿದರು ಇದನ್ನು ಸಿದ್ಧಾಂತವೆಂದು ಹೇಳಿಕೊಳ್ಳದೆಯೇ ಮಾಡುತ್ತ ಬಂದಿದ್ದಾರೆ.

ಮರಾಠಿ ರಂಗಕ್ಕೆ ಮರಳೋಣ. ಅಲ್ಲಿ ಮುಂದೆ ನಡೆದದ್ದು ನನ್ನ ಮಾತಿಗೆ ಅಡ್ಡ ಬರುವ ಕಥೆ. ಅದಕ್ಕಾಗಿಯೇ ಅದನ್ನು ಹೇಳಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು, ಅದರ ಬೆನ್ನಿಗೆ ‘ಸೌಭದ್ರ’ವನ್ನು ರಂಗಕ್ಕೆ ತಂದರು. ಸೂತ್ರಧಾರ ಒಬ್ಬನೇ ಹಾಡುವ ಪದ್ಧತಿ ಹೋಗಿ ಪಾತ್ರಗಳೇ ಹಾಡತೊಡಗಿದವು. ಪಾತ್ರ ಮತ್ತು ಕಂಠ ಒಂದಾದವು. ಅಲ್ಲಿಂದ ನಾಟಕದ ಭಾರವೆಲ್ಲ ಒಬ್ಬ ಗಾಯಕನಟನ ಗಂಟಲ ಮೇಲೆ ಬಿತ್ತು. ಸ್ತ್ರೀಪಾತ್ರದಲ್ಲಿ ಮೆರೆದ ಭಾವುರಾವ್ ಕೊಲ್ಹಟ್ಕರ 1901ರಲ್ಲಿ ತೀರಿಕೊಂಡಾಗ ಕಿರ್ಲೋಸ್ಕರ ಮಂಡಳಿ ಕಂಗೆಟ್ಟಿತು. 1905ರಲ್ಲಿ ನಾರಾಯಣರಾವ್ ರಾಜಹಂಸ, ಅಂದರೆ ಬಾಲಗಂಧರ್ವರು, ಬಂದ ಮೇಲೆಯೇ ಅದಕ್ಕೆ ಮತ್ತೆ ಉಸಿರು ಬಂದದ್ದು. 1913ರಲ್ಲಿ ಅವರೂ ಹೊರಬಂದು ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಹಾಗಾದರೆ ಸಂಗೀತ ನಾಟಕ ನಿಲ್ಲುವುದು ಮುಖ್ಯ ನಟನ ಮೇಲೆಯೇ ಅಲ್ಲವೇ ಎಂದು ನೀವು ಕೇಳಬಹುದು. ಕಂಪನಿಗಳ ಇತಿಹಾಸವನ್ನು ಮೇಲಿಂದ ನೋಡಿದರೆ ಹಾಗೆಯೇ ಕಾಣುತ್ತದೆ. ಆದರೆ ಬಾಲಗಂಧರ್ವರ ಸ್ಥಾನಕ್ಕೇ ಇನ್ನೊಬ್ಬರು ಬಂದ ಪ್ರಸಂಗವೊಂದಿದೆ. ಅದು ನಮ್ಮ ಕರ್ನಾಟಕದ ಹೆಣ್ಣುಮಗಳದ್ದು.

ಗೋಹರಬಾಯಿ ಕರ್ನಾಟಕಿ ವಿಜಾಪುರ ಸೀಮೆಯ ಬೀಳಗಿಯ ಕಡೆಯವರು. ಹಿಂದಿ ಚಿತ್ರಗಳ ಹಾಡುಗಾರ್ತಿ ಅಮೀರಬಾಯಿ ಕರ್ನಾಟಕಿಯ ಅಕ್ಕ. ಕನ್ನಡ ಕಂಪನಿ ರಂಗದಲ್ಲಿ ಬೆಳೆದು, ಬಾಲಗಂಧರ್ವರ ಗಾಯನವನ್ನು ಮುದ್ರಿಕೆಗಳಿಂದ ಕೇಳಿ ಕೇಳಿ ಮೈಗೂಡಿಸಿಕೊಂಡವರು. 1930ರ ದಶಕದ ಕೊನೆಯ ಹೊತ್ತಿಗೆ ಅವರು ಗಂಧರ್ವ ನಾಟಕ ಮಂಡಳಿ ಸೇರಿದರು. ಆಗ ಬಾಲಗಂಧರ್ವರಿಗೆ ಐವತ್ತು. ಹೆಣ್ಣು ಹೇಗೆ ಸೆರಗು ಹೊದೆಯಬೇಕು, ಹೇಗೆ ನಡೆಯಬೇಕು ಎಂಬುದನ್ನು ಮಹಾರಾಷ್ಟ್ರದ ಹೆಂಗಸರಿಗೇ ಕಲಿಸಿದ ಗಂಡಸು ಎಂದು ಹೆಸರಾದ ಆ ನಟ ಪುರುಷ ಪಾತ್ರಕ್ಕೆ ಸರಿದರು. ಅವರು ಕಟ್ಟಿದ ಸ್ತ್ರೀಪಾತ್ರಗಳಿಗೆ ಕನ್ನಡ ಸೀಮೆಯ, ಮುಸಲ್ಮಾನ ಮನೆತನದ ನಿಜವಾದ ಹೆಣ್ಣು ಬಂದಳು. ಇಂಥ ಪಾತ್ರ ಬದಲಾವಣೆ ಭಾರತದ ರಂಗಭೂಮಿಯಲ್ಲಿ ಮತ್ತೊಂದಿಲ್ಲ ಎಂದು ನಾನು ನಂಬುತ್ತೇನೆ. ಭಾಷೆ, ಧರ್ಮ, ಲಿಂಗ ಮೂರೂ ಏಕಕಾಲಕ್ಕೆ ಬದಲಾದವು. ಅಭಿಮಾನಿಗಳಲ್ಲಿ ಅನೇಕರು ಒಪ್ಪಲಿಲ್ಲ, ಕಟುವಾಗಿ ಮಾತಾಡಿದರು, ಗೋಹರಬಾಯಿಯನ್ನು ಬಹಳ ಕಾಲ ಅನುಮಾನದಿಂದ ಕಂಡರು. ಆದರೂ ಪದಗಳು ಉಳಿದವು, ಏಕೆಂದರೆ ಆ ಗಾಯನದ ಒಳದಾರಿ ಆಕೆಗೆ ಗೊತ್ತಿತ್ತು. ಪಾತ್ರ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಮುಖದ ಹೋಲಿಕೆಯಿಂದಲ್ಲ, ಕಿವಿಯ ಮೂಲಕ. ಕನ್ನಡಿಗರು ಗೋಹರಬಾಯಿಯ ಹೆಸರನ್ನು ಇನ್ನೂ ಹೆಚ್ಚು ಗೌರವದಿಂದ ಹೇಳಬೇಕು. ಅವರ ವಿಷಯದಲ್ಲಿ ನಾವೂ ಉದಾರವಾಗಿಲ್ಲ.

ನಿಜಾಮರ ಸೀಮೆಯ ಮಾತು ಬಿಟ್ಟರೆ ಬೀದರಿನ ಸಭೆಗೆ ಅನ್ಯಾಯ. 1872ರಲ್ಲಿ ದಿವಾನ ಸಾಲಾರ ಜಂಗರ ಕರೆಯ ಮೇಲೆ ಮುಂಬಯಿಯ ಪಾರಸಿ ವಿಕ್ಟೋರಿಯಾ ಕಂಪನಿ ಹೈದರಾಬಾದಿಗೆ ಬಂದು ಆಡಿತು. ಪಾರಸಿ ಹುಡುಗರೇ ಹೆಣ್ಣು ವೇಷ ಹಾಕುತ್ತಿದ್ದ ಕಾಲ. ಮುಂದೆ ಪಾರಸಿ ರಂಗದ ದಾದಿ ಪಟೇಲ ‘ಇಂದರ್ ಸಭಾ’ದ ಪರಿಯರ ಪಾತ್ರಕ್ಕೆ ಹಾಡಬಲ್ಲ ಹೆಂಗಸರನ್ನೇ ರಂಗಕ್ಕೆ ತಂದ. ವಿಕ್ಟೋರಿಯಾ ಕಂಪನಿಯನ್ನು ನಟ ಖುರ್ಷೀದ ಬಾಲಿವಾಲಾ ಬರ್ಮಾಕ್ಕೆ, ಲಂಡನ್ನಿಗೆ ಕರೆದೊಯ್ದ. ಉರ್ದು ಹಾಡುನಾಟಕ ಕಡಲು ದಾಟಿದ್ದು ಹೀಗೆ, ಇಂದಿಗೆ ಒಂದೂಕಾಲು ಶತಮಾನಕ್ಕೂ ಹಿಂದೆ.

ಈಗ ಕಡಲಾಚೆಯ ದೊಡ್ಡ ಪೇಟೆಗೆ ಹೋಗೋಣ. ಲಂಡನ್ನಿನಲ್ಲಿ ಗೆದ್ದ ಸಂಗೀತ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಗುವುದು ಅಲ್ಲಿ ಹಳೆಯ ವಾಡಿಕೆ. ನಾಟಕ ಹೋಗುತ್ತದೆ, ನಟರು ಹೋಗುತ್ತಾರೆಂಬ ಖಾತರಿ ಇಲ್ಲ. ಅಮೆರಿಕದ ನಟರ ಸಂಘ ಈಕ್ವಿಟಿ ತನ್ನ ಸದಸ್ಯರ ಹೊಟ್ಟೆಪಾಡನ್ನು ಕಾಯುತ್ತದೆ. ಹೊರಗಿನ ನಟ ಬರಬೇಕಾದರೆ ಅದರ ಒಪ್ಪಿಗೆ ಬೇಕು. 1978ರಲ್ಲಿ ಲಂಡನ್ನಿನ ‘ಎವಿಟಾ’ದಿಂದ ಹೆಸರಾದ ಎಲೇನ್ ಪೇಜ್ ಅವರಿಗೆ ಮರುವರ್ಷ ನ್ಯೂಯಾರ್ಕಿನಲ್ಲಿ ಅದರ ಮುಖ್ಯ ಪಾತ್ರ ಮಾಡಲಾಗಲಿಲ್ಲ. ಅಲ್ಲಿ ಪ್ಯಾಟಿ ಲುಪೋನ್ ಅದನ್ನು ಮಾಡಿ ಟೋನಿ ಪ್ರಶಸ್ತಿ ಪಡೆದರು. ‘ಫ್ಯಾಂಟಮ್ ಆಫ್ ದಿ ಆಪೆರಾ’ 1988ರಲ್ಲಿ ಹೋಗುವಾಗ ಅದರ ನಾಯಕಿ ಸಾರಾ ಬ್ರೈಟ್‌ಮನ್ನರಿಗೂ ಅಡ್ಡಿ ಬಂತು. ಮುಂದಿನ ನಾಟಕದಲ್ಲಿ ಅಮೆರಿಕದ ನಟಿಗೆ ಲಂಡನ್ನಿನಲ್ಲಿ ಮುಖ್ಯ ಪಾತ್ರ ಕೊಡುವೆನೆಂದು ಸಂಗೀತಕಾರ ಆಂಡ್ರೂ ಲಾಯ್ಡ್ ವೆಬ್ಬರ್ ಒಪ್ಪಿಕೊಂಡ ಮೇಲೆ ದಾರಿ ತೆರೆಯಿತು. ಅದೇ ಲುಪೋನ್ 1993ರಲ್ಲಿ ಲಂಡನ್ನಿನಲ್ಲಿ ‘ಸನ್‌ಸೆಟ್ ಬುಲೆವಾರ್ಡ್’ ಆಡಿದರು. ನಾಟಕ ನ್ಯೂಯಾರ್ಕಿಗೆ ಹೋದಾಗ ಪಾತ್ರ ಗ್ಲೆನ್ ಕ್ಲೋಸರಿಗೆ ಹೋಯಿತು. ಗೆದ್ದ ನಟಿಗೂ ಇಲ್ಲಿ ಭದ್ರತೆ ಇಲ್ಲ.

ಇವೆಲ್ಲ ಕಸುಬಿನ, ಕರಾರಿನ ಜಗಳಗಳು. ‘ಮಿಸ್ ಸೈಗಾನ್’ ವಿಷಯದಲ್ಲಿ ಎದ್ದ ಪ್ರಶ್ನೆ ಇವುಗಳಿಗಿಂತ ಆಳದ್ದು. ವಿಯೆಟ್ನಾಂ ಯುದ್ಧದ ಕೊನೆಯ ದಿನಗಳ ಈ ನಾಟಕ 1989ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಆರಂಭವಾಯಿತು. ನಾಯಕಿ ಕಿಮ್ ಪಾತ್ರಕ್ಕೆ ಮನಿಲಾದ ಹದಿಹರೆಯದ ಲೇಯಾ ಸಲೋಂಗಾ ಸಿಕ್ಕರು. ಅರ್ಧ ಏಷ್ಯಾದವನಾದ ದಲ್ಲಾಳಿ ‘ಇಂಜಿನಿಯರ್’ ಪಾತ್ರವನ್ನು ಮಾತ್ರ ಬ್ರಿಟನ್ನಿನ ಬಿಳಿಯ ನಟ ಜೊನಾಥನ್ ಪ್ರೈಸ್ ಮಾಡಿದರು, ಕಣ್ಣ ರೆಪ್ಪೆಗೆ ಅಂಟು ಹಾಕಿ, ಮುಖಕ್ಕೆ ಬಣ್ಣ ಹಚ್ಚಿ. ನಾಟಕ ನ್ಯೂಯಾರ್ಕಿಗೆ ಹೊರಟಾಗ ಏಷ್ಯಾ ಮೂಲದ ಅಮೆರಿಕನ್ ಕಲಾವಿದರು ಪ್ರತಿಭಟಿಸಿದರು. ನಾಟಕಕಾರ ಡೇವಿಡ್ ಹೆನ್ರಿ ಹ್ವಾಂಗ್, ನಟ ಬಿ. ಡಿ. ವಾಂಗ್ ಮುಂಚೂಣಿಯಲ್ಲಿದ್ದರು. 1990ರ ಆಗಸ್ಟಿನಲ್ಲಿ ಈಕ್ವಿಟಿ ಪ್ರೈಸ್‌ಗೆ ಒಪ್ಪಿಗೆ ನಿರಾಕರಿಸಿತು. ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂಟಾಷ್ ನಾಟಕವನ್ನೇ ರದ್ದು ಮಾಡಿದರು. ಮುಂಗಡ ಟಿಕೀಟು ಆಗಲೇ ಸುಮಾರು 2.5 ಕೋಟಿ ಡಾಲರಿನಷ್ಟು ಮಾರಿತ್ತು. ಹತ್ತು ದಿನ ಕಳೆಯುವುದರೊಳಗೆ ಸಂಘ ತನ್ನ ನಿರ್ಣಯ ಹಿಂದೆ ಪಡೆಯಿತು. 1991ರ ಏಪ್ರಿಲ್ 11ರಂದು ನಾಟಕ ಅಲ್ಲಿ ತೆರೆ ಕಂಡಿತು, ರೆಪ್ಪೆಯ ಅಂಟು ಮಾತ್ರ ಇರಲಿಲ್ಲ. ಪ್ರೈಸ್, ಸಲೋಂಗಾ ಇಬ್ಬರೂ ಟೋನಿ ಪಡೆದರು.

ಪ್ರತಿಭಟಿಸಿದವರು ಸೋತರು ಎಂದು ಆಗ ಬರೆದವರಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ಪ್ರೈಸ್ ಬಿಟ್ಟ ಮೇಲೆ ಬ್ರಾಡ್‌ವೇಯಲ್ಲಿ ಆ ಪಾತ್ರ ಏಷ್ಯಾ ಮೂಲದ ಫ್ರಾನ್ಸಿಸ್ ರೂಯಿವಿವಾರರಿಗೆ ಹೋಯಿತು. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದು. 1989ರ ಲಂಡನ್ ಪ್ರಯೋಗದ ಗುಂಪಿನಲ್ಲಿ ಫಿಲಿಪ್ಪೀನ್ಸಿನಿಂದ ಬಂದ ಜಾನ್ ಜಾನ್ ಬ್ರಿಯೋನಿಸ್ ಎಂಬ ಹುಡುಗನಿದ್ದ, ಹಿಂದಿನ ಸಾಲಿನಲ್ಲಿ ಹಾಡುತ್ತ ಕುಣಿಯುತ್ತ. 2014ರಲ್ಲಿ ಲಂಡನ್ನಿನಲ್ಲಿ ನಾಟಕ ಮತ್ತೆ ಬಂದಾಗ ‘ಇಂಜಿನಿಯರ್’ ಆದವನು ಅವನೇ. ಅದಕ್ಕೂ ಇಪ್ಪತ್ತೈದು ವರ್ಷಗಳ ಹಿಂದೆ ಖರ್ಚು ಉಳಿಸಲೆಂದು ಮೇಳವನ್ನು ಬೇರೆಡೆಯಿಂದ ತುಂಬಿಸಿದ್ದರೆ ಈ ನಟ ಆ ರಂಗಕ್ಕೆ ಸಿಗುತ್ತಲೇ ಇರಲಿಲ್ಲ. ಮುಂದಿನ ನಾಯಕರು ತಯಾರಾಗುವುದು ಹಿಂದಿನ ಸಾಲಿನಲ್ಲಿ. ಸಂಘಟಕರು ಇದೊಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೂ ನನಗೆ ಸಂತೋಷ.

‘ದಿ ಲಯನ್ ಕಿಂಗ್’ ಮಾಡಿದವರು ಇದನ್ನು ಅರಿತಿದ್ದರು. 1997ರಿಂದ ಆ ನಾಟಕ ಹತ್ತಾರು ದೇಶಗಳಲ್ಲಿ, ಹಲವು ಭಾಷೆಗಳಲ್ಲಿ ಆಡಿದೆ. ಮುಖ್ಯ ಪಾತ್ರಗಳಿಗೆ ಆಯಾ ದೇಶದ ನಟರು ಬರುತ್ತಾರೆ. ಮೇಳದಲ್ಲಿ ಮಾತ್ರ ದಕ್ಷಿಣ ಆಫ್ರಿಕಾದ ಗಾಯಕರು ಎಲ್ಲ ಕಡೆಗೂ ಇರುತ್ತಾರೆ. ಲೆಬೊ ಎಂ ಕಟ್ಟಿದ ಆ ವೃಂದಗಾನದ ಉಚ್ಚಾರ, ಉಸಿರು, ತಾಳ ಆ ನೆಲದವರಿಗೆ ಸಲೀಸು. ನಾಯಕರನ್ನು ಸ್ಥಳೀಯರಿಗೆ ಬಿಟ್ಟು ಮೇಳವನ್ನು ಮೂಲದಿಂದ ತರುವ ಈ ಪದ್ಧತಿ ನಮ್ಮ ಸಂಘಟಕರು ಮಾಡುವುದಕ್ಕೆ ಪೂರ್ತಿ ತಿರುಗುಮುರುಗು.

ಇನ್ನು ಭಾರತದ ನಂಟಿನ ನಾಟಕಗಳು. ಎ. ಆರ್. ರೆಹಮಾನರ ಸಂಗೀತದ ‘ಬಾಂಬೆ ಡ್ರೀಮ್ಸ್’ 2002ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿ ಎರಡು ವರ್ಷ ನಡೆಯಿತು. 2004ರಲ್ಲಿ ನ್ಯೂಯಾರ್ಕಿಗೆ ಹೋಗುವಾಗ ಕಥೆಯನ್ನು ತಿದ್ದಿದರು. ನಾಯಕ ರಜಾ ಜಾಫ್ರಿಯ ಜಾಗಕ್ಕೆ ಮನು ನಾರಾಯಣ್, ನಾಯಕಿ ಪ್ರಿಯಾ ಕಾಳಿದಾಸರ ಜಾಗಕ್ಕೆ ಅನಿಶಾ ನಾಗರಾಜನ್ ಬಂದರು. ಅಮೆರಿಕದಲ್ಲೇ ಬೆಳೆದ ಭಾರತೀಯ ಮೂಲದ ಯುವಕರಿಗೆ ಬ್ರಾಡ್‌ವೇ ಬಾಗಿಲು ತೆರೆದದ್ದು ಅದರ ಹೆಚ್ಚುಗಾರಿಕೆ. 284 ಪ್ರದರ್ಶನಗಳಿಗೆ ಅದು ನಿಂತಿತು. ಭಾರತದಿಂದಲೇ ಹೊರಟ ನಾಟಕವೆಂದರೆ ಫಿರೋಜ್ ಅಬ್ಬಾಸ್ ಖಾನರ ‘ಮುಘಲ್-ಎ-ಆಜಮ್’. 2016ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಆರಂಭವಾದ ಅದು 2023ರಲ್ಲಿ ಅಮೆರಿಕದಲ್ಲಿ ಊರೂರು ಸುತ್ತಿತು. ಅದರ ನೃತ್ಯವನ್ನು ಸಂಯೋಜಿಸಿದವರು ನಮ್ಮ ಬೆಂಗಳೂರಿನ ಮಯೂರಿ ಉಪಾಧ್ಯ. ಅನಾರ್ಕಲಿಯ ಪಾತ್ರವನ್ನು ಪ್ರಿಯಾಂಕಾ ಬರ್ವೆ, ನೇಹಾ ಸರಗಮ್ ಇಬ್ಬರೂ ಮಾಡುತ್ತಾರೆ, ಇಬ್ಬರೂ ರಂಗದ ಮೇಲೆಯೇ ಹಾಡುತ್ತಾರೆ. ಒಬ್ಬಳಿಗೆ ಗಂಟಲು ಕೆಟ್ಟರೆ ನಾಟಕ ನಿಲ್ಲುವುದಿಲ್ಲ. ಪರದೇಶದ ಚಳಿಯಲ್ಲಿ, ವಾರಕ್ಕೆ ಹಲವು ಆಟಗಳ ಒತ್ತಡದಲ್ಲಿ ಇದು ಸಣ್ಣ ಮಾತಲ್ಲ.

ನಮ್ಮ ಕನ್ನಡ ನಾಟಕಗಳು ಪೂರ್ತಿಯಾಗಿ ಪರದೇಶದ ನಟರ ಕೈಗೆ ಹೋದದ್ದೂ ಉಂಟು. ಗಿರೀಶ ಕಾರ್ನಾಡರು ‘ನಾಗಮಂಡಲ’ವನ್ನು ಬರೆದದ್ದು ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ. ಎ. ಕೆ. ರಾಮಾನುಜನ್ ಹೇಳಿದ ಜನಪದ ಕಥೆ ಅದರ ಮೂಲ. ಮೊದಲು ಆಡಿದವರು ಅಲ್ಲಿನ ವಿದ್ಯಾರ್ಥಿಗಳು. 1993ರಲ್ಲಿ ಮಿನಿಯಾಪೊಲಿಸ್ಸಿನ ಗಥ್ರಿ ಥಿಯೇಟರ್ ಅದನ್ನು ತನ್ನ ನಟರಿಂದ ಆಡಿಸಿತು. ‘ಹಯವದನ’ವನ್ನು 1984ರಲ್ಲಿ ವಿಜಯಾ ಮೆಹ್ತಾ ಜರ್ಮನಿಯ ವೈಮಾರಿನಲ್ಲಿ ಜರ್ಮನ್ ನಟರಿಗೆ ಕಲಿಸಿದರು. ‘ಹಯವದನ’ದ ಕಥೆ ನಿಮಗೆ ಗೊತ್ತಿದೆ. ದೇವದತ್ತನ ತಲೆ ಕಪಿಲನ ಮೈಗೆ, ಕಪಿಲನ ತಲೆ ದೇವದತ್ತನ ಮೈಗೆ. ಗಡಿ ದಾಟುವ ಸಂಗೀತ ನಾಟಕದ ಪಾಡೂ ಇದೇ. ಅಲ್ಲಿನ ಮೈ, ಇಲ್ಲಿನ ಹಾಡು. ನಾಟಕದಲ್ಲಿ ತಲೆ ಗೆಲ್ಲುತ್ತದೆ, ಮೈ ನಿಧಾನವಾಗಿ ತಲೆಗೆ ಒಗ್ಗಿಕೊಳ್ಳುತ್ತದೆ. ಸಂಗೀತ ನಾಟಕದಲ್ಲಿ ತಲೆ ಎಂದರೆ ಸಂಗೀತ. ಹುಡುಗನಾಗಿ ಗುಬ್ಬಿ ಕಂಪನಿ ಸೇರಿ ಬೆಳೆದ ಬಿ. ವಿ. ಕಾರಂತರು ‘ಹಯವದನ’ವನ್ನು ಹಿಂದಿಗೆ, ಕನ್ನಡಕ್ಕೆ ತರುವಾಗ ನಟರು ಬೇರೆ ಬೇರೆಯಾದರೂ ನಾಟಕ ಒಂದೇ ಅನ್ನಿಸಿದ್ದು ಇದರಿಂದ. ಎಲ್ಲ ನಟರನ್ನೂ ಹಾಡುವ ಮೇಳವಾಗಿ ಮಾಡಿಕೊಳ್ಳುವುದು ಅವರ ರೀತಿ.

ನಟರನ್ನು ಬದಲಿಸದೆಯೇ ಗೆದ್ದವರನ್ನೂ ನೆನೆಯಬೇಕು. ಹಬೀಬ್ ತನ್ವೀರರು ಛತ್ತೀಸಗಢದ ಹಳ್ಳಿಯ ನಾಚಾ ಕಲಾವಿದರನ್ನೇ ಕರೆದುಕೊಂಡು 1982ರಲ್ಲಿ ಎಡಿನ್‌ಬರೋಗೆ ಹೋದರು. ‘ಚರಣದಾಸ ಚೋರ’ ಅಲ್ಲಿನ ಫ್ರಿಂಜ್ ಫಸ್ಟ್ ಪ್ರಶಸ್ತಿ ಗೆದ್ದಿತು. ಮಾತು ಛತ್ತೀಸಗಢಿ, ಹಾಡು ಹಳ್ಳಿಯದು, ನಟರ ಓದುಬರಹ ಅಷ್ಟಕ್ಕಷ್ಟೆ. ನೋಡಿದವರಿಗೆ ಭಾಷೆ ಬರುತ್ತಿರಲಿಲ್ಲ, ಕೊರತೆಯೂ ಆಗಲಿಲ್ಲ. ನಮ್ಮ ನೆರೆಯ ಮರಾಠಿಯ ‘ಘಾಶೀರಾಮ ಕೋತ್ವಾಲ’ 1980ರಲ್ಲಿ ಯುರೋಪಿಗೆ ಹೋದಾಗ ಸಾಲಾಗಿ ನಿಂತು ಗೋಡೆಯಾಗುವ ಬ್ರಾಹ್ಮಣರ ಮೇಳವನ್ನು ಬಿಡುವ ಮಾತೇ ಇರಲಿಲ್ಲ. ಆ ಗೋಡೆ ಇಲ್ಲದೆ ತೆಂಡೂಲ್ಕರರ ಆ ನಾಟಕವೇ ಇಲ್ಲ.

ಈಗ ಮನೆಯ ಮಾತು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳೂ ಸೇರಿ ಉತ್ತರ ಕರ್ನಾಟಕದಲ್ಲಿ ಜಾತ್ರೆಗೆ ನಾಟಕ ಹೇಗೆ ಕಟ್ಟುತ್ತಾರೆಂದು ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಊರ ಹುಡುಗರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಸ್ತ್ರೀಪಾತ್ರಕ್ಕೆ ಗದಗ, ಇಳಕಲ್ಲುಗಳಂಥ ಊರುಗಳಿಂದ ವೃತ್ತಿ ಕಲಾವಿದೆಯನ್ನು ಕರೆಸುತ್ತಾರೆ. ಆಕೆ ಬರುವುದು ನಾಟಕದ ದಿನ, ಬಹಳವೆಂದರೆ ಒಂದು ದಿನ ಮೊದಲು. ಎದುರು ಪಾತ್ರದ ಹುಡುಗನನ್ನು ಆಕೆ ಹಿಂದೆಂದೂ ಕಂಡಿರುವುದಿಲ್ಲ. ಆದರೂ ರಾತ್ರಿ ಹತ್ತಕ್ಕೆ ಪರದೆ ಎದ್ದರೆ ಬೆಳಗಿನ ಜಾವದವರೆಗೆ ನಾಟಕ ನಡೆಯುತ್ತದೆ. ಹೇಗೆ? ಪೇಟಿ ಮಾಸ್ತರರಿಂದ. ಆಕೆಯ ಶ್ರುತಿ ಯಾವುದು, ಯಾವ ಪದಕ್ಕೆ ಯಾವ ಧಾಟಿ, ಹುಡುಗ ಮಾತು ಮರೆತರೆ ಎಷ್ಟು ಹೊತ್ತು ಬಾರಿಸಿ ಕಾಯಬೇಕು, ಜನ ಒನ್ಸ್ ಮೋರ್ ಎಂದರೆ ಎಲ್ಲಿಂದ ಎತ್ತಬೇಕು, ಎಲ್ಲವೂ ಅವರಿಗೆ ಗೊತ್ತು. ತಬಲಾದವರು ಅವರ ಕಣ್ಣನ್ನೇ ನೋಡುತ್ತಿರುತ್ತಾರೆ. ನಾಯಕಿ ಹೊರಗಿನವಳು, ಮೇಳ ಗಟ್ಟಿ, ನಾಟಕ ಸುರಕ್ಷಿತ. ಬ್ರಾಡ್‌ವೇ ಲಕ್ಷಾಂತರ ಡಾಲರು ಸುರಿದು ಕಲಿತದ್ದನ್ನು ನಮ್ಮ ಹಳ್ಳಿಯ ಮಾಸ್ತರರು ಪ್ರತಿ ಜಾತ್ರೆಯಲ್ಲಿ ಮಾಡಿ ತೋರಿಸುತ್ತಾರೆ.

ನಮ್ಮ ತಂಡಗಳು ಪರದೇಶದ ಕನ್ನಡ ಸಂಘಗಳಿಗೆ, ಸಮ್ಮೇಳನಗಳಿಗೆ ಹೋಗುವಾಗ ಆಗುವುದು ಇದಕ್ಕೆ ವಿರುದ್ಧ. ಟಿಕೀಟು, ವೀಸಾ ಎಷ್ಟು ಜನಕ್ಕೆ ಎಂಬ ಲೆಕ್ಕ ಬಂದಾಗ ಹೆಸರಾಂತ ನಟರು ಪಟ್ಟಿಯ ಮೊದಲಲ್ಲಿರುತ್ತಾರೆ. ಹಾರ್ಮೋನಿಯಂ, ತಬಲಾ, ವೃಂದಗಾನದವರ ಬದಲಿಗೆ ಧ್ವನಿಮುದ್ರಿತ ಟ್ರ್ಯಾಕ್ ಹೋಗುತ್ತದೆ. ಗುಂಪಿನ ಪಾತ್ರಗಳಿಗೆ ಅಲ್ಲಿನ ಕನ್ನಡ ಕುಟುಂಬಗಳವರು ನಿಲ್ಲುತ್ತಾರೆ. ಅವರ ಉತ್ಸಾಹಕ್ಕೆ ನನ್ನ ನಮಸ್ಕಾರವಿದೆ. ದಿನವಿಡೀ ಕೆಲಸ ಮಾಡಿ, ವಾರದ ಕೊನೆಗೆ ಯಾರದೋ ಮನೆಯ ನೆಲಮಾಳಿಗೆಯಲ್ಲಿ ತಾಲೀಮು ಮಾಡುವ ಅವರಿಲ್ಲದಿದ್ದರೆ ಅಲ್ಲಿ ಕನ್ನಡ ರಂಗವೇ ಇಲ್ಲ. ತೊಂದರೆ ಅವರದ್ದಲ್ಲ. ತೊಂದರೆ ಟ್ರ್ಯಾಕಿನದ್ದು. ಅದು ಕಾಯುವುದಿಲ್ಲ. ನಟನಿಗೆ ಒಂದು ಆಲಾಪ ಹೆಚ್ಚು ಬೇಕೆನಿಸಿದರೆ ಕೊಡುವುದಿಲ್ಲ. ಸಭೆ ಚಪ್ಪಾಳೆ ತಟ್ಟಿದರೂ ಅದಕ್ಕೆ ಕೇಳುವುದಿಲ್ಲ. ಸ್ಥಳೀಯ ಮೇಳಕ್ಕೆ ತಪ್ಪಿದ ತಾಳವನ್ನು ಹಿಡಿದು ಕೊಡುವವರೂ ಇರುವುದಿಲ್ಲ. ಒಬ್ಬ ಪೇಟಿಯವರನ್ನು, ಒಬ್ಬ ತಬಲಾದವರನ್ನು ಎರಡು ವಾರ ಮೊದಲೇ ಕಳಿಸಿದರೆ ಆ ಕುಟುಂಬಗಳ ಮಕ್ಕಳು ಹಾಡು ಕಲಿಯುತ್ತಾರೆ, ತಂಡ ಮರಳಿದ ಮೇಲೂ ಅದು ಅಲ್ಲಿ ಉಳಿಯುತ್ತದೆ. ಸಾಂಗಲಿಯಲ್ಲಿ ಉಳಿದದ್ದು ಹಾಗೆಯೇ.

ಕಲ್ಯಾಣದ ಕಥೆ ನಮ್ಮ ಜಿಲ್ಲೆಯ ಕಥೆ. ಅದು ರಂಗದ ಮೇಲೆ ದೂರ ದೂರ ಹೋಗಿದೆ. ಕಾರ್ನಾಡರ ‘ತಲೆದಂಡ’ ‘ರಕ್ತ ಕಲ್ಯಾಣ’ವಾಗಿ 1992ರಲ್ಲಿ ದೆಹಲಿಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಕೈಯಲ್ಲಿ ಆಡಿತು. ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಊರೂರು ತಿರುಗುತ್ತ, ಶರಣರ ನಾಟಕಗಳನ್ನು ಹಿಂದಿಯಲ್ಲಿ ರಾಜ್ಯದಾಚೆಗೂ ಒಯ್ದಿದೆ. ಬಸವಣ್ಣನ ಪಾತ್ರಕ್ಕೆ ಯಾವ ಊರಿನ ನಟ ಬಂದರೂ ನನಗೆ ಸಂತೋಷವೇ. ದೆಹಲಿಯ ಹುಡುಗ ಬರಲಿ, ಡೆಟ್ರಾಯಿಟಿನ ಹುಡುಗಿ ಅಕ್ಕಮಹಾದೇವಿಯಾಗಲಿ. ಆದರೆ ವಚನ ಹಾಡುವ ಮೇಳದಲ್ಲಿ ಬಸವಕಲ್ಯಾಣದ, ಭಾಲ್ಕಿಯ, ಔರಾದದ ಕಂಠಗಳು ಇರಬೇಕು. ನಮ್ಮ ಭಜನಾ ಮಂಡಳಿಗಳ ಹೆಣ್ಣುಮಕ್ಕಳು ಏಕತಾರಿ ಹಿಡಿದು ಹಾಡುವ ರೀತಿಯನ್ನು ಯಾವ ಟ್ರ್ಯಾಕೂ ಕೊಡಲಾರದು. ಈ ಮಂಡಳಿಗಳನ್ನು ರಂಗತಂಡಗಳು ಇದುವರೆಗೆ ಕರೆಯದೇ ಇರುವುದು ದೊಡ್ಡ ನಷ್ಟ.

ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಹೊರಗಿನದನ್ನು ಎಷ್ಟು ಬದಲಿಸಬಹುದು, ಒಳಗಿನ ಯಾವುದನ್ನು ಬಿಡಬಾರದು ಎಂಬುದರಲ್ಲಿ ಅವರಿಗೆ ಗೊಂದಲವಿರಲಿಲ್ಲ. ಅವರ ಹೆಸರಿನ ರಂಗಮಂದಿರವಿರುವ ಈ ನಗರದ ರಂಗಕರ್ಮಿಗಳಿಗೆ, ಅನುದಾನ ಕೊಡುವ ಇಲಾಖೆಯವರಿಗೆ, ಪರದೇಶದ ಕನ್ನಡ ಸಂಘಗಳವರಿಗೆ ನನ್ನ ಬೇಡಿಕೆ ಮೂರೇ. ಪ್ರವಾಸದ ಅರ್ಜಿಯಲ್ಲಿ ಹಿಮ್ಮೇಳದವರ ಹೆಸರನ್ನು ಮೊದಲು ಬರೆಯಿರಿ, ನಟರ ಹೆಸರನ್ನು ಆಮೇಲೆ. ಪ್ರತಿ ಮುಖ್ಯ ಪಾತ್ರದ ಹಾಡುಗಳನ್ನು ಇಬ್ಬರಿಗೆ ಕಲಿಸಿರಿ, ಆ ಎರಡನೆಯವರು ಮೇಳದಿಂದಲೇ ಬರಲಿ. ಭಾಲ್ಕಿ, ಔರಾದ ತಾಲೂಕುಗಳಲ್ಲಿ ಇನ್ನೂ ನುಡಿಸುತ್ತಿರುವ ಹಿರಿಯ ಪೇಟಿ ಮಾಸ್ತರರ ಧಾಟಿಗಳನ್ನು ಅವರ ಮುಂದೆ ಕೂತು ಕಲಿಯಲು ಹುಡುಗ ಹುಡುಗಿಯರನ್ನು ಈ ವರ್ಷವೇ ಕಳಿಸಿರಿ.